ನೀರಿಗಿಳಿದ ಮೆಟ್ಟಿಲು

೧೯೭೯ರಲ್ಲಿ, ಏಳನೇ ತರಗತಿಯ ನಡುವೆ, ನನ್ನ ಓದು ನಿಂತಿತು. ಕೇಳಿದವರಿಗೆಲ್ಲ ‘ನಾನೇ ಬಿಟ್ಟೆ’ ಎಂದು ಹೇಳಿಕೊಂಡು ಬಂದೆ. ಹಾಗೆ ಹೇಳುವುದರಲ್ಲಿ ಒಂದು ಗತ್ತಿದೆ, ನಿಮಗೂ ಗೊತ್ತಿರುತ್ತದೆ.

ಇವತ್ತು ಗ್ಯಾರೇಜು ತೊಳೆಯುವಾಗ ಮೂಲೆಯಲ್ಲಿದ್ದ ರಬ್ಬರ್ ಬೂಟು ಉರುಳಿ, ಒಣಗಿದ ಕೆಸರು ಉದುರಿತು. ಅದರ ಮೇಲೆ ನೀರು ಬಿದ್ದದ್ದೇ, ಮಗಳ ಜೊತೆ ಹೋಗಿದ್ದ ಕೆರೆಯ ವಾಸನೆ ಎದ್ದಿತು. ಪೊರಕೆ ಹಿಡಿದೇ ಕೂತುಬಿಟ್ಟೆ. ಈಚೆಗೆ ಕೂರಲು ನನಗೆ ದೊಡ್ಡ ನೆಪವೇನೂ ಬೇಕಿಲ್ಲ.

ಅಮೆರಿಕದ ಡರ್ಹಮ್‌ನಲ್ಲಿ ನಾನು ಬಾತ್‌ರೂಮುಗಳಿಗೆ ಟೈಲ್ಸ್ ಕೂರಿಸುತ್ತೇನೆ. ಊರಲ್ಲಿ ಕಲಿತದ್ದು ಗಾರೆ ಕೆಲಸ. ಮಗಳು ದಿವ್ಯಾ ಓದುವುದು ಹಿಂದಿನವರು ಬದುಕಿದ ಜಾಗಗಳನ್ನು ಅಗೆದು ನೋಡುವ ವಿದ್ಯೆ. ದೂರದ ದೇಶಗಳಲ್ಲಿ ಜನ ಕೆರೆಯೊಳಗೆ ಕಲ್ಲು, ಮರ ಸುರಿದು ನಡುಗಡ್ಡೆ ಮಾಡಿಕೊಂಡು ಅದರ ಮೇಲೆ ಮನೆ ಕಟ್ಟಿಕೊಂಡಿದ್ದರಂತೆ. ಕೋವಿಡ್‌ನಿಂದಾಗಿ ಅವಳು ಅಲ್ಲಿಗೆ ಹೋಗುವುದು ತಪ್ಪಿತು. ಇಲ್ಲಿಯೇ ಒಂದು ಕೆರೆಯಲ್ಲಿ ದುಂಡನೆಯ ಪುಟ್ಟ ನಡುಗಡ್ಡೆಯಿತ್ತು. ಆ ಕೆರೆಗೆ ಅಣೆಕಟ್ಟು ಬರುವ ಮೊದಲೂ ಅಲ್ಲಿ ನೀರಿತ್ತೆಂದು ಯಾರೋ ಹೇಳಿದ್ದರು. ಅದು ಜನ ಕಟ್ಟಿದ್ದೋ ತಾನೇ ಆದದ್ದೋ ನೋಡಬೇಕು, ದೋಣಿ ನಡೆಸಲು ನೀನು ಬಾ ಎಂದಳು.

ನೀರನ್ನು ಗೆದ್ದು ಮನೆ ಕಟ್ಟಿದವರಿದ್ದರು ಎಂಬುದು ನನಗೆ ಬಹಳ ಹಿಡಿಸಿತ್ತು. ಅದು ನಿಜವಾಗಲೇಬೇಕು ಅನ್ನಿಸಿತ್ತು. ಓದಿದ ಮಗಳಿಗೆ ಅದನ್ನು ನಾನೇ ತೋರಿಸಿಕೊಡಬೇಕೆಂಬ ಜಂಬ ಬೇರೆ.

ಎಲೆ ಉದುರುವ ಕಾಲ, ನೀರು ಇಳಿದಿತ್ತು. ನಡುಗಡ್ಡೆಗೆ ಇಳಿದು ಮುಳ್ಳುಪೊದೆ ಸರಿಸಿದಾಗ ಕಲ್ಲಿನ ಸಾಲು ಕಂಡಿತು.

“ನೋಡು, ಕೈಯಲ್ಲಿ ಕೂರಿಸಿದ್ದು. ಸಂದಿ ಮೇಲೆ ಸಂದಿ ಬರದ ಹಾಗೆ ಇಟ್ಟಿದ್ದಾರೆ. ಬರ್ಕೋ, ಸಾವಿರ ವರ್ಷದ್ದು.”

“ಅಪ್ಪಾ, ಟೈಲ್ಸ್‌ಗೆ ಎಸ್ಟಿಮೇಟ್ ಕೊಟ್ಟ ಹಾಗೆ ಡೇಟ್ ಕೊಡ್ತೀಯಲ್ಲ. ಎವಿಡೆನ್ಸ್ ಬೇಕು.”

“ನನ್ನ ಕಣ್ಣು ಎವಿಡೆನ್ಸ್ ಅಲ್ವಾ?”

“ಕನ್ನಡಕ ಹಾಕ್ಕೊಂಡಿದ್ರೆ ಕನ್ಸಿಡರ್ ಮಾಡ್ತಿದ್ದೆ.”

ಸಾಲು ಹಿಡಿದು ಆ ಬದಿಗೆ ಹೋದೆ. ಅಲ್ಲೊಂದು ಹೊಸಿಲು. ಅದರ ಮುಂದೆ ಸಿಮೆಂಟಿನ ಮೆಟ್ಟಿಲು. ಒಂದರ ಕೆಳಗೊಂದು ಇಳಿದು, ನೀರಿನೊಳಗೂ ಇಳಿಯುತ್ತಲೇ ಇದ್ದವು, ಅಂಗಳಕ್ಕೆ ಹೋಗುವ ಹಾಗೆ. ನಾನು ಕೂತೆ.

“ಏನಾಯ್ತಪ್ಪಾ? ಆರ್ ಯು ಓಕೆ?”

“ಇವರು ನೀರಲ್ಲಿ ಮನೆ ಕಟ್ಲಿಲ್ಲ ಕಣೆ. ದಿಬ್ಬದ ಮೇಲೆ ಕಟ್ಟಿದ್ರು. ಅಲ್ಲಿಗೇ ನೀರು ಬಂತು.”

“ಹೆಂಗೊತ್ತು?”

“ನಮ್ಮ ಶಾಲೆ ಮೆಟ್ಟಿಲೂ ಹಿಂಗೇ ಕಾಣ್ತಿತ್ತು.”

ಆಮೇಲೆ ಹೇಳಿದೆ. ನಮ್ಮೂರನ್ನು ಅಣೆಕಟ್ಟಿನ ನೀರು ತೆಗೆದುಕೊಂಡದ್ದು, ಎತ್ತರದಲ್ಲಿದ್ದ ಶಾಲೆ ಎಲ್ಲಕ್ಕಿಂತ ಕೊನೆಗೆ ಮುಳುಗಿದ್ದು. ಹೊಸ ಊರಿನಲ್ಲಿ ಕಟ್ಟಬೇಕಾದ ಮನೆಗಳಿದ್ದವು, ಶಾಲೆ ಇರಲಿಲ್ಲ. ಸೋದರಮಾವನ ಹಿಂದೆ ಗಾರೆ ಹೊರಲು ಹೋದೆ.

“ಬಟ್ ನೀನೇ ಬಿಟ್ಟೆ ಅಂತಿದ್ಯಲ್ಲ?”

“ಹಂಗಂದ್ರೆ ಯಾರೂ ಅಯ್ಯೋ ಅನ್ನಲ್ಲ.”

ಅವಳೂ ಅನ್ನಲಿಲ್ಲ. ಬಂದು ಪಕ್ಕದಲ್ಲಿ, ಅದೇ ಮೆಟ್ಟಿಲ ಮೇಲೆ ಕೂತಳು. ವಾಪಸು ಬರುವಾಗ ದೋಣಿಯ ಹುಟ್ಟು ಅವಳೇ ತೆಗೆದುಕೊಂಡಳು.

ಗ್ಯಾರೇಜಿನ ನೆಲದ ಕೆಸರು ತೊಳೆದುಹೋಯಿತು. ಯಾರಾದರೂ ಕೇಳಿದರೆ ಈಗ ಶಾಲೆ ಮುಳುಗಿತು ಎನ್ನುತ್ತೇನೆ. ನನಗಿರುವುದು ಒಂದು ಮನೆ, ಒಂದು ಹಳೆಯ ಪಿಕಪ್, ಗಾರೆ ಮೆತ್ತುವ ಎರಡು ಕರಣೆ, ಸವೆದ ಎರಡು ಮೊಣಕಾಲು, ಒಬ್ಬಳು ಮಗಳು, ನೀರಿನಡಿಯಲ್ಲಿ ಒಂದು ಶಾಲೆ.