ನಿಂತು ನೋಡಿದ ಪಾಕ

ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟವನು ನಾನು. ಆದರೆ ಮೂಡಲಗಿ ಕಡೆಯ ಗಾಣದ ಮನೆಗಳಲ್ಲಿ ಬೆಲ್ಲದ ಪಾಕ ಇಳಿಸುವ ಹೊತ್ತು ಹೇಳಲು ನನ್ನನ್ನೇ ಕರೆಯುತ್ತಿದ್ದರು. ಕುದಿಯುವ ಕೊಪ್ಪರಿಗೆಯ ಬಾಜೂ ಕುಕ್ಕರಗಾಲಿನಲ್ಲಿ ಕುಂತು, ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ಕೊಪ್ಪರಿಗೆಯ ಅಂಚಿಗೆ ಹೊಡೆಯಬೇಕು. ಟಣ್ ಎಂದರೆ ಇಳಿಸಬೇಕು. ಮೂವತ್ತು ವರ್ಷ ಹೀಗೆ ಕುಂತೆದ್ದ ಬಲಮೊಣಕಾಲು ಒಂದು ದಿನ ಏಳಲಾರೆನೆಂದಿತು.

ಗೋಕಾಕದ ಡಾಕ್ಟರು ಕೀಲು ಬದಲಿಸಬೇಕೆಂದರು. "ನೋವು ಹೋಗತೈತಿ, ಆರಾಮ ನಡೀತೀರಿ. ಆದರ ಕುಕ್ಕರಗಾಲಿಲೆ ಕುಂಡ್ರೂದು ಬ್ಯಾಡ್ರಿ."

"ಹಂಗಾದ್ರ ನನ್ನ ಕೆಲಸಾ ಹೆಂಗ್ರಿ ಸಾಹೇಬ್ರ?"

"ಅದನ್ನ ನೀವ ಹುಡಕಬೇಕ್ರಿ."

ಕೀಲು ಬದಲಾಯಿತು. ಹೊಲಿಗೆಯ ಗಾಯ ಪೂರಾ ಮಾಯ್ದ ಮೇಲೆ, ಕಾಲಿಗೆ ಒಂದು ಕಿಲೋ ಉಸುಕಿನ ಚೀಲ ಕಟ್ಟಿಕೊಂಡು ಎತ್ತಿ ಇಳಿಸಿರಿ ಎಂದು ದವಾಖಾನೆಯಲ್ಲಿ ಹೇಳಿಕೊಟ್ಟರು. ಉಸುಕು ಯಾಕೆ? ನಾನೇ ಪಾಕ ನೋಡಿದ ಒಂದು ಕಿಲೋ ಬೆಲ್ಲದ ಪೆಂಟಿಯನ್ನು ಅರಿವೆಯಲ್ಲಿ ಸುತ್ತಿ ಕಟ್ಟಿಕೊಂಡೆ. ಮೂರನೆಯ ದಿನ ಕಾಲ ತುಂಬ ಇರಿವಿ.

"ಇರಿವಿಗೋಳಿಗೆ ಊಟಕ್ಕ ಹೇಳಿದ್ರೇನ್ರಿ?" ಎಂದು ಹೆಂಡತಿ ನಕ್ಕು ನಕ್ಕು ಸುಸ್ತಾದಳು. ಹಳೆಯ ಸೀರೆ ಹರಿದು ಉಸುಕಿನ ಚೀಲ ಹೊಲಿದದ್ದೂ ಅವಳೇ.

ಕಬ್ಬಿನ ಹಂಗಾಮು ಶುರುವಾದಾಗ ಕೋಲು ಬಿಟ್ಟು ನಡೆಯುತ್ತಿದ್ದೆ. ಗಾಣಕ್ಕೆ ಹೋದರೆ ನನ್ನ ಜಾಗದಲ್ಲಿ ಕೌಜಲಗಿಯವನೊಬ್ಬ ಕುಂತಿದ್ದ.

"ಕಾಕಾ, ಕುಂಡ್ರಾಕ ಬರಂಗಿಲ್ಲಂದ್ರ ಪಾಕಾ ಹೆಂಗ ನೋಡ್ತಿ?" ಎಂದ ಗಾಣದ ಮಾಲೀಕ. "ಕುರ್ಚಿ ಮ್ಯಾಲೆ ಕುಂತ ಕಬ್ಬಿನ ಗಾಡಿ ಎಣಸು."

ಆ ಮಾತು ಆಪರೇಷನ್ನಿಗಿಂತ ಹೆಚ್ಚು ನೋಯಿಸಿತು. "ಒಂದ ಕೊಪ್ಪರಿಗಿ ನನಗ ಬಿಡು. ತಪ್ಪಿದ್ರ ಗಾಡಿ ಎಣಸ್ತೇನಿ," ಎಂದೆ.

ಸೊಂಟದೆತ್ತರಕ್ಕೆ ಇಟ್ಟಿಗೆ ಒಟ್ಟಿ ಅದರ ಮೇಲೆ ನೀರಿನ ಬೋಗುಣಿ ಇಟ್ಟೆ. ಸೌಟಿಗೆ ಉದ್ದನೆಯ ಬಿದಿರು ಕಟ್ಟಿದೆ. ನಿಂತೇ ನೋಡಿದೆ. ಕುಂತಾಗ ಆವಿ ಕಣ್ಣಿಗೆ ಹೊಡೆಯುತ್ತಿತ್ತು. ನಿಂತರೆ ಇಡೀ ಕೊಪ್ಪರಿಗೆಯ ಬುರುಗು ಬಣ್ಣ ತಿರುಗುವುದು ಕಾಣುತ್ತಿತ್ತು. ಮೂವತ್ತು ವರ್ಷ ಇದು ನನಗೆ ಗೊತ್ತೇ ಇರಲಿಲ್ಲ!

ಕೌಜಲಗಿಯವನು, "ಇಳಸ್ರಿ, ಆಗೇತಿ," ಎಂದ.

"ತಡಿಯೋ ತಮ್ಮಾ."

ಬೋಗುಣಿಯ ಅಂಚಿಗೆ ಉಂಡೆ ಹೊಡೆದೆ. ಸಪ್ಪಗೆ ಸದ್ದಾಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊಡೆದೆ. ಟಣ್! ಗಾಣದ ಮಂದಿಯೆಲ್ಲ ತಿರುಗಿ ನೋಡಿದರು. ಇಳಿಸಿ ಆರಿಸಿದ ಬೆಲ್ಲ ಹೊನ್ನಿನ ಬಣ್ಣಕ್ಕೆ ಬಂತು. ಮಾಲೀಕ ಒಂದು ಚೂರು ಬಾಯಿಗೆ ಹಾಕಿಕೊಂಡು, ಕುರ್ಚಿಯನ್ನು ಎತ್ತಿ ಒಳಗಿಟ್ಟ.

ಮರುದಿನ ಕೌಜಲಗಿಯವನೂ ತನ್ನ ಬೋಗುಣಿಯನ್ನು ಇಟ್ಟಿಗೆಯ ಮೇಲೇ ಇಟ್ಟ.

ಈಗ ಹುಕ್ಕೇರಿ ಕಡೆಯಿಂದಲೂ ಕರೆ ಬರುತ್ತದೆ. ಯಾರ ಕೈಯನ್ನೂ ಹಿಡಿಯದೆ ಬಸ್ಸು ಹತ್ತುತ್ತೇನೆ. ಹೊರಡುವ ಮೊದಲು ಫೋನಿನಲ್ಲಿ ಒಂದೇ ಮಾತು ಹೇಳುತ್ತೇನೆ: "ಇಟ್ಟಿಗಿ ಒಟ್ಟಿ ಇಡ್ರಿ, ಬಂದ್ನಿ."