ಹೊಸ್ತಿಲಾಚೆಯ ಉಳ್ಳಾಗಡ್ಡಿ

ಗುರುವಾರ, ಬೆಳಗಿನ ಐದೂಮುಕ್ಕಾಲು. ಆದೋನಿಯ ಹಳೇ ಓಣಿಯೊಂದರಲ್ಲಿ ಅನ್ನಪೂರ್ಣಾಬಾಯಿ ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತು ಒಂದು ಉಳ್ಳಾಗಡ್ಡಿಯನ್ನು ದುರುಗುಟ್ಟಿ ನೋಡುತ್ತಿದ್ದಾರೆ. ತೊಡೆಯ ಮೇಲೆ ರಟ್ಟು, ಅದರ ಮೇಲೆ ಒರಟು ಹಾಳೆ, ಪಕ್ಕದಲ್ಲಿ ತುಂಡುತುಂಡಾದ ಪೇಸ್ಟಲ್ ಬಳಪಗಳು. ನಾಲ್ಕು ಗೆರೆ ಎಳೆಯುತ್ತಾರೆ, ಹಾಳೆಯನ್ನು ದೂರ ಹಿಡಿಯುತ್ತಾರೆ, ಮುಖ ಸಿಂಡರಿಸುತ್ತಾರೆ.

“ನೋಡ್ರಿ, ಇದು ಉಳ್ಳಾಗಡ್ಡಿ ಅದ ಏನು? ಬದನಿಕಾಯಿಗೆ ಬಾಲ ಬಂದಂಗ ಅದ!” ಎಂದು ಹಾಳೆಯನ್ನು ನಮ್ಮತ್ತ ತಿರುಗಿಸುತ್ತಾರೆ.

ಐವತ್ತಾರರ ಇವರು ಮೂವತ್ತೊಂದು ವರ್ಷಗಳಿಂದ ಮಡಿಯಡುಗೆ ಮಾಡುವವರು. ಊರಿನ ವೈಷ್ಣವರ ಮನೆಗಳಲ್ಲಿ ಶ್ರಾದ್ಧವಿರಲಿ, ಪೂಜೆಯಿರಲಿ, ಒಲೆಯ ಮುಂದೆ ಇವರೇ. ಐದು ಎಲೆಯ ಊಟದಿಂದ ಅರವತ್ತು ಎಲೆಯವರೆಗೆ ಒಬ್ಬರೇ ನಿಭಾಯಿಸುತ್ತಾರೆ. ಉಂಡವರು ಹುಳಿಯನ್ನು ಹೊಗಳುತ್ತಾರೆ, ಮನೆಯ ಯಜಮಾನರನ್ನು ಹೊಗಳುತ್ತಾರೆ. ಒಳಗೆ ಹೊಗೆ ಕುಡಿದವರು ಯಾರೆಂದು ಕೇಳಿದವರನ್ನು ಇವರಿನ್ನೂ ಕಂಡಿಲ್ಲ.

ಇವರ ರಂಗೋಲಿ ನೋಡಿ ಬೆರಗಾದ ಪಕ್ಕದ ಮನೆಯವರು ಎರಡು ತಿಂಗಳ ಹಿಂದೆ ಹಾಲೇಶ್ ಮಾಸ್ತರರ ಭಾನುವಾರದ ತರಗತಿಗೆ ಸೇರಿಸಿದ್ದಾರೆ. ಹಾಲೇಶ್ ಬಳ್ಳಾರಿಯಿಂದ ಬರುವ ಕಲಾವಿದರು. ಬಣ್ಣವನ್ನು ಬೆರಳಿನಿಂದ ತೀಡುವುದು ಅವರಿಗೆ ಆಗದು. ಗೆರೆಯ ಪಕ್ಕ ಗೆರೆ ಇಟ್ಟು, ನಡುವೆ ಹಾಳೆಯ ಒರಟು ಇಣುಕುವಂತೆ ಬಿಡುವುದು ಅವರ ಶೈಲಿ. ಕಲಿಯುವವರು ಮೊದಲು ಅದನ್ನೇ ಅನುಕರಿಸಬೇಕು, ಅದೂ ಉಳ್ಳಾಗಡ್ಡಿಯನ್ನು ಎದುರಿಗಿಟ್ಟುಕೊಂಡು. ಇರುವುದು ಎಂಟೇ ಸ್ಟೂಲು, ಕಾಯುವವರು ಹಲವರು. ಬರುವ ಭಾನುವಾರ ಉಳ್ಳಾಗಡ್ಡಿ ಒಪ್ಪುವಂತೆ ಬರದಿದ್ದರೆ ಅನ್ನಪೂರ್ಣಾಬಾಯಿಯವರ ಸ್ಟೂಲು ಬೇರೆಯವರಿಗೆ.

“ಬದನಿಕಾಯಿ ಕೊಡ್ರಿ, ಸೋರಿಕಾಯಿ ಕೊಡ್ರಿ ಅಂತ ಬೇಡ್ಕೊಂಡೆ. ಕೇಳಲಿಲ್ಲ. ನಮ್ಮ ಮನಿಗೆ ಬರಲಾರದ್ದೇ ಆಗಬೇಕ ಅವರಿಗೆ!”

ಉಳ್ಳಾಗಡ್ಡಿಗೆ ಹೆಸರಾದ ಸೀಮೆಯಲ್ಲೇ ಹುಟ್ಟಿ ಬೆಳೆದರೂ ಇವರು ಅದನ್ನು ಒಮ್ಮೆಯೂ ಹೆಚ್ಚಿದವರಲ್ಲ. ಬರೆಯುವುದಾದರೆ ಕಟ್ಟೆಯ ಮೇಲೆ, ಹೊಸ್ತಿಲು ದಾಟಕೂಡದು ಎಂಬುದು ಪತಿ ಸೇತುಮಾಧವರಾಯರ ಅಪ್ಪಣೆ. ಹೀಗಾಗಿ ಆ ಗಡ್ಡೆಯ ವಾಸ ಕಾಂಪೌಂಡಿನ ಗೂಡಿನಲ್ಲಿ. ಇನ್ನು ಸ್ನಾನ ಮಾಡಿ ಮಡಿಯುಟ್ಟ ಮೇಲೆ ಬಳಪ ಮುಟ್ಟುವಂತಿಲ್ಲ, ಮುಟ್ಟಿದರೆ ಮತ್ತೆ ತಲೆಯ ಮೇಲೆ ತಣ್ಣೀರು. ಬೆಳಕು ಹರಿಯುವುದಕ್ಕೂ ಸ್ನಾನಕ್ಕೂ ನಡುವೆ ಸಿಗುವುದು ನಲವತ್ತು ನಿಮಿಷ. ಅಷ್ಟರಲ್ಲೇ ಎರಡು ತಿಂಗಳಲ್ಲಿ ಐವತ್ತಮೂರು ಹಾಳೆ ಆಗಿವೆ. ಪ್ರತಿ ಭಾನುವಾರವೂ ಮಾಸ್ತರರದು ಒಂದೇ ರಾಗ: “ಅಮ್ಮಾ, ನಿಮ್ಮ ಗಡ್ಡಿ ಹಸಿ ಹಸಿ ಕಾಣತೈತಿ. ಒಣಾ ಸಿಪ್ಪಿ ಎಲ್ಲೈತಿ?”

“ಅವರ ಚಿತ್ರದಾಗ ಸಿಪ್ಪಿ ಊದಿದ್ರ ಹಾರ್ತದೇನೋ ಅನ್ನಂಗ ಅದ. ಅವರಂಗೇ ಗೆರಿ ಹಾಕ್ತೀನಿ, ನಂದು ಮಿರಿಮಿರಿ ಮಿಂಚ್ತದ. ಸಾಕಾಗಿ ಹೋಗ್ಯದ್ರೀ ನನಗ,” ಎನ್ನುತ್ತ ಬಳಪವನ್ನು ಡಬ್ಬಿಗೆ ಎಸೆಯುತ್ತಾರೆ.

ಆ ಹೊತ್ತಿಗೆ ಪೆದ್ದಕಡುಬೂರಿನ ಕೊಂಡಮ್ಮ ಉಳ್ಳಾಗಡ್ಡಿಯ ಬುಟ್ಟಿ ಹೊತ್ತು ಓಣಿಗೆ ಬರುತ್ತಾಳೆ. ಬಾಯಿಯವರಿಗೆ ವಾರಕ್ಕೊಂದು ಗಡ್ಡೆ ಕೊಡುವವಳು ಇವಳೇ. ಹೊಸ ಗಡ್ಡೆಯೊಂದನ್ನು ಆರಿಸಿ ಕಟ್ಟೆಯ ಮೇಲಿಡುತ್ತಾಳೆ. ಅನ್ನಪೂರ್ಣಾಬಾಯಿ ಅದನ್ನೆತ್ತಿಕೊಂಡು ನೇರ ಅಂಗಳದ ನಲ್ಲಿಗೆ ನಡೆಯುತ್ತಾರೆ. ಒಂದು ನೀರು, ಎರಡು ನೀರು, ಹೆಬ್ಬೆರಳಿನಿಂದ ಚೆನ್ನಾಗಿ ಉಜ್ಜಿ ಮೂರನೇ ನೀರು. ಸಿಪ್ಪೆಯೆಲ್ಲ ನೀರಿನಲ್ಲಿ ಹರಿದು ಹೋಗುತ್ತದೆ.

ಕೊಂಡಮ್ಮ ಬುಟ್ಟಿ ಇಳಿಸಿ ಹಣೆ ಚಚ್ಚಿಕೊಳ್ಳುತ್ತಾಳೆ. “ಎವರೈನಾ ಉಲ್ಲಿಗಡ್ಡ ಕಡುಗುತಾರಾ ಅಮ್ಮಾ! ಉಳ್ಳಾಗಡ್ಡಿ ಯಾರರ ತೊಳಿತಾರೇನ್ರೀ?”

“ಬೀದಿಯಿಂದ ಬಂದದ್ದು, ತೊಳಿಲಾರದ ಹೆಂಗ ಮುಟ್ಲಿ?”

“ಸಿಪ್ಪಿ ಎಲ್ಲಾ ಮೋರಿ ಪಾಲು ಮಾಡಿ ಇನ್ನ ಏನು ಬರೀತೀರಿ?”

ಅನ್ನಪೂರ್ಣಾಬಾಯಿ ಕೈಯಲ್ಲಿದ್ದ ಬೋಳು ಗಡ್ಡೆಯನ್ನು ನೋಡುತ್ತಾರೆ, ಮೋರಿಯತ್ತ ನೋಡುತ್ತಾರೆ. ಬೆಲ್ಲದಚ್ಚನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ತೊಳೆದೇ ಮುಟ್ಟುವ ಕೈ ಅದು. ಎರಡು ತಿಂಗಳು ಮಾಸ್ತರರನ್ನು ಬೈದದ್ದು, ಬಳಪವನ್ನು ಬೈದದ್ದು, ಹಾಳೆಯನ್ನು ಬೈದದ್ದು ಎಲ್ಲ ನೆನಪಾಗುತ್ತದೆ. “ನನ್ನ ಬುದ್ಧಿಗಿಷ್ಟು!” ಎಂದು ತಮ್ಮ ಕೆನ್ನೆಗೆ ತಾವೇ ಮೆಲ್ಲಗೆ ತಟ್ಟಿಕೊಳ್ಳುತ್ತಾರೆ.

ಶುಕ್ರವಾರ, ಶನಿವಾರ ಕೊಂಡಮ್ಮ ಬದಲಿಗೆ ಕೊಟ್ಟ, ತೊಳೆಯದ ಗಡ್ಡೆ ಕಟ್ಟೆಯ ಮೇಲೆ. ಮುಟ್ಟುವಾಗ ಮೈ ಮುಜುಗರ, ಆದರೂ ಮುಟ್ಟುತ್ತಾರೆ. ಸಿಪ್ಪೆಯ ಸುರುಳಿ, ಅದರ ಮೇಲಿನ ಮಣ್ಣು, ಬುಡದ ಒಣ ಬೇರು ಒಂದೊಂದಾಗಿ ಗೆರೆಗೆ ಇಳಿಯುತ್ತವೆ. ಭಾನುವಾರ ಹಾಲೇಶ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಾರೆ. “ಬಂತು ನೋಡ್ರಿ. ನಿಮ್ಮ ಸ್ಟೂಲು ನಿಮಗ ಐತಿ. ಮುಂದಿನ ವಾರ ಬಳ್ಳೊಳ್ಳಿ.”

“ಅದೂ ನಮ್ಮ ಮನಿಗೆ ಬರಂಗಿಲ್ರೀ!” ಎಂದು ಬಾಯಿಯವರು ಬೆಳ್ಳುಳ್ಳಿಯ ಹೆಸರಿಗೇ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಾರೆ.

ಸಂಜೆ ಅವರು ಕಟ್ಟೆಯ ಬಳಿ ನಿಲ್ಲುವುದಿಲ್ಲ. ಹೊಸ್ತಿಲು ದಾಟಿ, ಪಡಸಾಲೆಯ ಗೋಡೆಯ ಮೊಳೆಗೆ ಚಿತ್ರವನ್ನು ಸಿಕ್ಕಿಸುತ್ತಾರೆ. ಜಪ ಮುಗಿಸಿ ಬಂದ ಸೇತುಮಾಧವರಾಯರ ಹುಬ್ಬು ಗಂಟಿಕ್ಕುತ್ತದೆ. “ಉಳ್ಳಾಗಡ್ಡಿ ಒಳಗ ಬಂತಲ್ಲ?”

“ವಾಸನಿ ಬಂದ್ರ ಹೇಳ್ರಿ, ತೆಗದು ಹೊರಗ ಇಡ್ತೀನಿ.”

ರಾಯರು ಕನ್ನಡಕ ಸರಿಪಡಿಸಿಕೊಂಡು ಗೋಡೆಯ ಹತ್ತಿರ ಹೋಗುತ್ತಾರೆ. ಸೊಂಟ ಬಗ್ಗಿಸಿ, ಆ ಒಣ ಸಿಪ್ಪೆಗೆ ಮೂಗು ತಾಗುವಷ್ಟು ಬಾಗಿ, ನಿಜಕ್ಕೂ ಮೂಸಿ ನೋಡುತ್ತಾರೆ. ಆಮೇಲೆ ಚಿತ್ರವನ್ನು ಅಲ್ಲೇ ಬಿಟ್ಟು ಪಂಚಾಂಗ ಹಿಡಿದು ಕೂರುತ್ತಾರೆ.

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಇದನ್ನು ನಮಗೆ ಹೇಳುವಾಗ ಅನ್ನಪೂರ್ಣಾಬಾಯಿ ಸೆರಗಿನಿಂದ ಬೆರಳ ಬಣ್ಣ ಒರೆಸಿಕೊಳ್ಳುತ್ತಿರುತ್ತಾರೆ. “ಮೂವತ್ತೊಂದು ವರ್ಷದಾಗ ನನ್ನ ಹುಳಿಗೂ ಅವರು ಹಂಗ ಬಗ್ಗಿ ನೋಡಿದ್ದಿಲ್ರೀ.”