ಪರವಾನಗಿಯಲ್ಲಿ ಬರೆಸಿದ್ದು

ತೋಟಕ್ಕೆ ಹೋಗುವ ವ್ಯಾನು ಹೊರಡುವುದನ್ನು ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ. ಬೆಟ್ಟದಪುರದ ಜವರಣ್ಣ ಮತ್ತು ನಾನು ಆಫ್ರಿಕಾದ ಮಲಾವಿ ದೇಶದ ಒಂದು ತೋಟದಲ್ಲಿ ಹೊಗೆಸೊಪ್ಪು ಬೇಯಿಸುವ ಕೆಲಸಕ್ಕೆ ಬಂದಿದ್ದೇವೆ. ಬಾಗಿಲು ಮುಟ್ಟಿಯೇ ಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್ನಿನ ಬಿಸಿ ಹೇಳಬಲ್ಲ ಜವರಣ್ಣನೇ ನನಗೆ ಈ ಕೆಲಸ ಕಲಿಸಿದವನು. ಇಂಗ್ಲಿಷ್ ಮಾತ್ರ ಅವನಿಗೆ ಬಾರದು.

ವಿಮಾನ ನಿಲ್ದಾಣದಲ್ಲಿ ಕೆಲಸದ ಪರವಾನಗಿ ಕೊಡುವ ಅಧಿಕಾರಿ, ಸೊಪ್ಪಿನ ಅಂಟಿನಿಂದ ಕಪ್ಪಾಗಿದ್ದ ಜವರಣ್ಣನ ಬೆರಳುಗಳನ್ನು ಕಂಡು ನಕ್ಕ. "ನಮ್ಮಪ್ಪನ ಕೈಯೂ ಹೀಗೇ ಇತ್ತು" ಎಂದ. ಆಮೇಲೆ ನನ್ನತ್ತ ತಿರುಗಿ ಇಂಗ್ಲಿಷಿನಲ್ಲೇ, "ನಿಮ್ಮಿಬ್ಬರಲ್ಲಿ ಮೇಸ್ತ್ರಿ ಯಾರು? ಇನ್ನೊಬ್ಬರನ್ನು ಸಹಾಯಕ ಎಂದು ಬರೆಯಬೇಕು" ಎಂದು ಕೇಳಿದ.

"ನಾನು" ಎಂದುಬಿಟ್ಟೆ.

ಅವನು ಒಂದು ಗಳಿಗೆ, ಅಷ್ಟೇನೂ ಕಪ್ಪಾಗಿರದ ನನ್ನ ಕೈಗಳನ್ನೂ ನೋಡಿದ. ಆಮೇಲೆ ಮುದ್ರೆ ಒತ್ತಿದ.

"ಏನ್ಲಾ ಬರ್ದವ್ನೆ ಅದ್ರಲ್ಲಿ?" ಜವರಣ್ಣ ಕೇಳಿದ.

"ಇಬ್ರುಗೂ ಒಂದೇ ಕಣಣ್ಣ."

"ನೀನಿಲ್ದಿದ್ರೆ ನಂಗೆ ಇದೂ ಸಿಕ್ತಿರ್ಲಿಲ್ಲ ಬುಡು" ಎಂದು ಅವನು ಹಾಳೆಯನ್ನು ಮಡಿಚಿ ಒಳಜೇಬಿಗೆ ಇಟ್ಟುಕೊಂಡ. ನನ್ನ ಚೀಲವನ್ನೂ ಹೆಗಲಿಗೇರಿಸಿಕೊಂಡು ಮುಂದೆ ನಡೆದ.